ಅಕಾಲ ಚಪ್ಪಾಳೆ

ಜಾರ್ಜಿಯಾ ರಾಜ್ಯದ ಕ್ಯಾಲೊವೇ ನಗರದ ಸಂಗೀತ ಭವನದಲ್ಲಿ ಕಳೆದ ವರ್ಷ, ಸಿಂಫನಿಯ ಮೊದಲ ಭಾಗ ಮುಗಿದು ಎರಡನೆಯದು ಶುರುವಾಗುವ ಮುನ್ನ, ಸಭಿಕರು ಚಪ್ಪಾಳೆ ತಟ್ಟಿದ ಘಟನೆ ನಡೆಯಿತು. ಸಿಂಫನಿ ಪೂರ್ತಿ ಮುಗಿಯುವ ತನಕ ಕೈ ತಟ್ಟಬಾರದೆಂಬುದು ಅಲ್ಲಿನ ಶಿಷ್ಟಾಚಾರ. ಪ್ರಾಣಹಾನಿಯಾಗಲಿಲ್ಲ. ವಾದ್ಯವೃಂದದ ನಿರ್ದೇಶಕರು ಮಾತ್ರ ರಾತ್ರಿ ಊಟ ಮಾಡಲಿಲ್ಲ.

ಚಪ್ಪಾಳೆ ಹುಟ್ಟಿದ್ದು ಮೌಂಟ್ ಟೇಬರ್ ಚರ್ಚಿನವರು ಕೂತ ಸಾಲಿನಲ್ಲಿ ಎಂದು ವಿಚಾರಣೆಯಿಂದ ತಿಳಿದುಬಂತು. ಅವರನ್ನು ಕರೆಯದೆ ವಿಧಿಯಿರಲಿಲ್ಲ. ವರ್ಷವರ್ಷವೂ ನಡೆಯುವ ಈ ಕಾರ್ಯಕ್ರಮವೇ ಅವರ ಪಾದ್ರಿ, ದಿವಂಗತ ಏಮಸ್ ಗ್ಯಾಡ್ಸನ್ ಅವರ ಗೌರವಾರ್ಥ. ಕಪ್ಪು ಜನರಿಗೆ ಈ ಭವನದ ಬಾಗಿಲು ತೆರೆಸಿದವರು ಅವರು. ತೆರೆಸುವ ಮುನ್ನ ಇದರ ಮೆಟ್ಟಿಲ ಮೇಲೆ ಹಾಡಿ, ಶಬ್ದ ನಿಯಂತ್ರಣ ಕಾಯಿದೆಯಡಿ ಜೈಲು ಸೇರಿದ್ದರು. ಅಂದು ಹಾಡು ಅರ್ಧಕ್ಕೇ ನಿಂತಿತ್ತು. ಜೊತೆಗೆ ಹಾಡಿದ್ದ ಹುಡುಗಿ ಲುವೀನಿಯಾಗೆ ಅವರು ಸಾಯುವಾಗ ಹೇಳಿದ್ದು ಒಂದೇ ಮಾತು: “ಆ ಹಾಡನ್ನ ಒಂದ್ಸಲ ಅಲ್ಲೇ ಪೂರ್ತಿ ಮಾಡ್ಬಿಡಮ್ಮ.”

ಲುವೀನಿಯಾ ಅವರಿಗೆ ಈಗ ಎಪ್ಪತ್ತೇಳು. ಕೈ ತಟ್ಟಿ ಮೈದೂಗಿ ದೇವರ ಹಾಡು ಹಾಡುವ ಚರ್ಚಿನ ಗಾಸ್ಪೆಲ್ ಮೇಳದ ಮುಖ್ಯ ಗಾಯಕಿ. ಪ್ರತಿ ವರ್ಷ ಭವನದಲ್ಲಿ ಸಿಂಫನಿಯ ಬಳಿಕ ಆ ಹಾಡು ಎತ್ತಿಕೊಳ್ಳುತ್ತಾರೆ. ಕಾವೇರುವ ಹೊತ್ತಿಗೆ ಸಮಯವಾಯಿತೆಂದು ಪರದೆ ಬೀಳುತ್ತದೆ. ಈ ವರ್ಷವೇ ಕೊನೆ ಎಂದು ಅವರ ಮಂಡಿಗಳು ತೀರ್ಮಾನಿಸಿದ್ದವು.

ಕಳೆದ ವರ್ಷದ ಚಪ್ಪಾಳೆ ಮರುಕಳಿಸದಿರಲೆಂದು ಭವನದ ಸಮಿತಿ ಈ ವರ್ಷವೇ ನಿಯಮಾವಳಿ ಹೊರಡಿಸಿತು. ಗೌರವವನ್ನು ಮೌನವಾಗಿ ಸಲ್ಲಿಸತಕ್ಕದ್ದು. ಗಾಯಕರು ತೂಗಾಡುವುದಾದರೆ ಎಡಬಲಕ್ಕೆ ಒಂದೊಂದು ಗೇಣು ಮಾತ್ರ. ‘ಆಮೆನ್’ ಕೊನೆಯಲ್ಲಿ, ನಿರ್ದೇಶಕರ ಕೋಲಿನ ಸನ್ನೆಗೆ, ಒಮ್ಮೆ. ಹಾಡುವವರ ಮೈಮೇಲೆ ಪವಿತ್ರಾತ್ಮ ಇಳಿಯುವುದಿದ್ದಲ್ಲಿ ನಾಲ್ಕು ನಿಮಿಷದೊಳಗೆ ಇಳಿಯತಕ್ಕದ್ದು.

“ನಾಲ್ಕು ನಿಮಿಷಕ್ಕೆ ನನ್ನ ಗಂಟಲೂ ಬಿಡಲ್ಲ, ಮಿಸ್ಟರ್ ಹಾಲ್ಕಂಬ್,” ಎಂದರು ಲುವೀನಿಯಾ, ಸಮಿತಿಯ ಕಾರ್ಯದರ್ಶಿಗೆ.

“ಮನೇಲೇ ಬಿಡಿಸ್ಕೊಂಡು ಬನ್ನಿ, ಮಿಸ್ ಲುವೀನಿಯಾ. ಪಾದ್ರಿಗಳ ಮೇಲೆ ನಮಗೆಷ್ಟು ಗೌರವ ಅಂತ ಗೊತ್ತಲ್ಲ?”

“ಗೊತ್ತಪ್ಪ. ಅವರ ಫೋಟೊ ಕಡೆಗೂ ಸದ್ದು ಮಾಡ್ಬೇಡಿ ಅನ್ನೋ ಹಾಗೇ ನೋಡ್ತೀರಿ.”

ಕಾರ್ಯಕ್ರಮದ ಭಾನುವಾರ ಸಿಂಫನಿ ನಿರ್ವಿಘ್ನವಾಗಿ ನೆರವೇರಿತು. ಮೌಂಟ್ ಟೇಬರಿನವರು ಚಪ್ಪಾಳೆ ತಪ್ಪಿಯೂ ಹೊರಡದಂತೆ ತಮ್ಮ ಕೈಗಳ ಮೇಲೆಯೇ ಕೂತಿದ್ದರು. ಬಳಿಕ ಲುವೀನಿಯಾ ಹಾಡು ಎತ್ತಿದರು. ನಾಲ್ಕನೆಯ ನಿಮಿಷಕ್ಕೆ ಪರದೆ ಬಿತ್ತು. ಅವರು ಪರದೆಯಿಂದ ಈಚೆ ಬಂದು ಹಾಡು ಮುಂದುವರಿಸಿದರು. ಕೈಗಳು ಒಂದೊಂದಾಗಿ ಕುರ್ಚಿಯಿಂದ ಮೇಲೆದ್ದವು.

ಹಾಲ್ಕಂಬ್ ಶಬ್ದ ನಿಯಂತ್ರಣ ಕಾಯಿದೆಯಡಿ ಪೊಲೀಸರನ್ನು ಕರೆದರು. ಕಾಯಿದೆ ಇನ್ನೂ ಜಾರಿಯಲ್ಲಿತ್ತು. ಅದನ್ನು ರದ್ದುಪಡಿಸಲು ಕರೆದ ಸಭೆಗಳೆಲ್ಲ ಗದ್ದಲದಿಂದ ಮುಂದೂಡಲ್ಪಟ್ಟಿದ್ದವು. ಬಂದ ಪೊಲೀಸಿನವನು ಡಾರ್ನೆಲ್, ಮೌಂಟ್ ಟೇಬರ್ ಚರ್ಚಿನವನೇ.

“ಸಿಸ್ಟರ್ ಲುವೀನಿಯಾ, ದಯವಿಟ್ಟು ಹೊರಗೆ ಬನ್ನಿ ಮ್ಯಾಮ್.”

ಅವರು ಒಂದು ಚರಣ ಮುಗಿಸಿ ಉಸಿರು ತೆಗೆದುಕೊಂಡರು. “ಸಂಡೇ ಸ್ಕೂಲಲ್ಲಿ ನೀನು ಪಾಠ ಒಪ್ಪಿಸೋವಾಗ ನಾನು ಮಧ್ಯಕ್ಕೆ ನಿಲ್ಲಿಸಿದ್ದುಂಟಾ?”

“ಇಲ್ಲ ಮ್ಯಾಮ್. ನಾನೇ ಮರ್ತು ನಿಲ್ಲಿಸ್ತಿದ್ದೆ.”

“ಹಾಗಾದ್ರೆ ಕೈ ಕೊಡು ಮಗಾ, ಮಂಡಿ ಕೇಳ್ತಿಲ್ಲ. ಹಾಡ್ತಾನೇ ಬರ್ತೀನಿ.”

ಮೇಳ ಹಿಂಬಾಲಿಸಿತು. ಸಭಿಕರು ಹಿಂಬಾಲಿಸಿದರು. ಪಿಟೀಲಿನವರೂ ಎದ್ದುಹೋದರು. ಮೆಟ್ಟಿಲ ಮೇಲೆ ಹೊಸದೊಂದು ತೊಡಕು ಎದುರಾಯಿತು: ಕಾನೂನಿನಂತೆ ಬಂಧಿತರಿಗೆ ಮೊದಲು ಅವರ ಹಕ್ಕುಗಳನ್ನು ಓದಿಹೇಳಬೇಕು, ಹಾಡಿನ ಮಧ್ಯೆ ಓದಿದರೆ ಕೇಳಿಸದು. ಡಾರ್ನೆಲ್ ಕಾದ. ಸುಮ್ಮನೆ ಕಾಯುವುದೇಕೆಂದು ಚಪ್ಪಾಳೆ ತಟ್ಟಿದ. ಹಾಡು ಪೂರ್ತಿಯಾಯಿತು. ಆಮೆನ್ ಕೋಲಿಲ್ಲದೆಯೇ ಬಂತು. ಲುವೀನಿಯಾ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡರು. “ಈಗ ಓದಪ್ಪ,” ಎಂದರು.

ಪಾದ್ರಿಯವರಿಗೆ ಇಷ್ಟು ನೈಜವಾದ ಗೌರವ ಹಿಂದೆಂದೂ ಸಂದಿರಲಿಲ್ಲ ಎಂದು ಸಮಿತಿ ಸರ್ವಾನುಮತದಿಂದ ದಾಖಲಿಸಿತು. ಮುಂದಿನ ವರ್ಷದ ಕಾರ್ಯಕ್ರಮ ಪ್ರಕಟವಾಗಿದೆ: ಸಿಂಫನಿ, ವಿರಾಮ, ಗಾಸ್ಪೆಲ್ ಗಾಯನ, ಬಂಧನ. ನಿವೃತ್ತಿಯನ್ನು ಮುಂದೂಡಲು ಲುವೀನಿಯಾ ಒಪ್ಪಿದ್ದಾರೆ. ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಲಾಗುವುದು. ಬಂಧನಕ್ಕೆ ನಾಲ್ಕು ನಿಮಿಷ ನಿಗದಿಯಾಗಿದೆ.