ಮೌಸಪ್ಪ ಬೇರೆಯಾದ ದಿನ

ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮೌಸಪ್ಪನಿಗೆ ಸೋಮವಾರ ಬಂತೆಂದರೆ ಜ್ವರ. ಪುಸ್ತಕ ಎರವಲು ಕೊಡುವ ಸಾಫ್ಟ್‌ವೇರು ಅವನದಲ್ಲ. ಯಾರೋ ಪುಣ್ಯಾತ್ಮರು ಬರೆದು, ಬೇಕಾದವರು ತಿದ್ದಿಕೊಳ್ಳಿ ಎಂದು ಲೋಕಕ್ಕೆ ಬಿಟ್ಟದ್ದು. ಮೂರು ವರ್ಷದ ಹಿಂದೆ ಅದರ ನಕಲು ತೆಗೆದು ತಿದ್ದಲು ಕೂತವನು ಇನ್ನೂ ಎದ್ದಿರಲಿಲ್ಲ. ಮೂಲದವರು ಮಾಡಿದ ಬದಲಾವಣೆಗಳನ್ನು ಪ್ರತಿ ಸೋಮವಾರ ತನ್ನ ನಕಲಿಗೆ ಸೇರಿಸಬೇಕು. ಸೇರಿಸಿದೊಡನೆ ಎರಡೂ ಜುಟ್ಟು ಹಿಡಿದುಕೊಂಡು ಜಗಳಕ್ಕೆ ನಿಲ್ಲುತ್ತಿದ್ದವು. ಈ ಸೋಮವಾರವಂತೂ ಯಾವ ಪುಸ್ತಕ ಹುಡುಕಿದರೂ ಕೋಳಿ ಸಾಕಣೆಯದೇ ಬರತೊಡಗಿತು.

"ಮೂಲದ ಜೊತೆ ಇರ್ತೀರೋ, ಬೇರೆಯಾಗ್ತೀರೋ, ಸಂಜೆಯೊಳಗೆ ಹೇಳಿ," ಎಂದರು ಗ್ರಂಥಪಾಲಕಿ. "ಇನ್ನೊಂದು ಸಲ ಹೀಗಾದ್ರೆ ನಾನು ಹಳೇ ರಿಜಿಸ್ಟರಿಗೇ ಹೋಗ್ತೀನಿ. ಆಗ ನಿಮಗಿಲ್ಲಿ ಕೆಲಸ ಇರಲ್ಲ."

ಬೇರೆಯಾದರೆ ಸೋಮವಾರದ ಕಾಟ ತಪ್ಪುತ್ತದೆ. ಆದರೆ ಆಮೇಲೆ ಎಲ್ಲವನ್ನೂ ತಾನೊಬ್ಬನೇ ಹೊರಬೇಕು. ಮೌಸಪ್ಪ ಸಿಕ್ಕವರನ್ನೆಲ್ಲ ಕೇಳತೊಡಗಿದ.

ರಟ್ಟು ಹಾಕುವ ಬೈಂಡರಣ್ಣ ಗೋಂದಿನ ಕೈಯಲ್ಲೇ ಬಂದ. "ಮೂಲ ಬಿಟ್ಟೋನು ಕೆಟ್ಟ ಕಣಪ್ಪ. ತಾಳ್ಕೊ."

ಸರಿ ಎನ್ನಿಸಿತು. ಹೆಂಡತಿಗೆ ಫೋನು ಮಾಡಿದ.

"ನಿಮ್ಮಮ್ಮನ ಜೊತೆ ಇದ್ದಾಗ ದಿನಾ ರಂಪ. ಬೇರೆ ಒಲೆ ಹೂಡಿದ್ಮೇಲೆ ತಾನೆ ಪ್ರೀತಿ ಬಂದಿದ್ದು?"

"ಇದು ಸಾಫ್ಟ್‌ವೇರ್ ವಿಷಯ ಕಣೇ."

"ನಾನೂ ಅದನ್ನೇ ಹೇಳ್ತಿರೋದು."

ಅದೂ ಸರಿ ಎನ್ನಿಸಿತು. ಇಲ್ಲ, ಜೊತೆಗೇ ಇರೋಣ ಎಂದು ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ ಬೈಂಡರಣ್ಣ ಮತ್ತೆ ಇಣುಕಿದ. "ಯೋಚ್ನೆ ಮಾಡ್ದೆ. ಬೇರೆಯಾಗ್ಬಿಡು."

ಮೌಸಪ್ಪನ ತಲೆ ಮೊಸರು ಗಡಿಗೆಯಾಯಿತು. ಐದು ಗಂಟೆಗೆ ಕಣ್ಣು ಮುಚ್ಚಿ ಮೂಲದವರಿಗೆ ಬರೆದೇಬಿಟ್ಟ: "ಮಾನ್ಯರೆ, ಇಷ್ಟು ದಿನ ನಿಮ್ಮ ನೆರಳಲ್ಲಿದ್ದೆ. ಇಂದಿನಿಂದ ನಾನು ಬೇರೆ. ತಪ್ಪು ತಿಳಿಯಬೇಡಿ." ಕಳಿಸಿದ ಮೇಲೆ ತವರು ಬಿಟ್ಟವನಂತೆ ಅಳು ಬಂತು.

ಹತ್ತು ನಿಮಿಷದಲ್ಲಿ ಉತ್ತರ: "ಹೀಗೆ ಕೈಬಿಟ್ಟರೆ ಹೇಗೆ ಸ್ವಾಮಿ? ಎರಡು ವರ್ಷದಿಂದ ನಾನು ಸ್ವಂತ ಒಂದು ಸಾಲೂ ಬರೆದಿಲ್ಲ. ಪ್ರತಿ ಭಾನುವಾರ, ಲೋಕಕ್ಕೆ ತೆರೆದಿಟ್ಟ ನಿಮ್ಮ ನಕಲಿನಿಂದ ನೀವು ಬರೆದದ್ದನ್ನೇ ತಂದು, ಒಳಗಿನ ಹೆಸರುಗಳನ್ನಷ್ಟೇ ನನ್ನ ರೂಢಿಯಂತೆ ಬದಲಿಸಿ ಮೂಲಕ್ಕೆ ಹಾಕುತ್ತಿದ್ದೆ. ನೀವು ಬೇರೆಯಾದರೆ ನಿಮ್ಮದು ನನ್ನದಕ್ಕೆ ಹೊಂದದು; ಇನ್ನು ನನ್ನ ಅಂಗಡಿ ಮುಚ್ಚಿತು. ಇದನ್ನು ಬಳಸುವ ನಾನೂರು ಗ್ರಂಥಾಲಯಗಳಿಗೂ ನಿಮ್ಮ ವಿಳಾಸ ಕೊಟ್ಟಿದ್ದೇನೆ."

ಮೌಸಪ್ಪ ಎರಡು ಸಲ ಓದಿದ. ಅಂದರೆ ಇಷ್ಟು ಸೋಮವಾರ ಜಗಳವಾಡಿದ್ದು ತನ್ನೊಡನೆಯೇ.

ಅಷ್ಟರಲ್ಲಿ ಯಾವುದೋ ಊರಿನ ಗ್ರಂಥಾಲಯದಿಂದ ಮೊದಲ ಪತ್ರ ಬಂತು: "ಮೂಲದವರಿಗೆ ನಮಸ್ಕಾರ. ನಿಮ್ಮ ಬದಲಾವಣೆಗಳಿಂದ ರೋಸಿಹೋಗಿದ್ದೇವೆ. ನಾವು ಬೇರೆಯಾಗಬೇಕೋ ಬೇಡವೋ, ದಯವಿಟ್ಟು ನೀವೇ ತೀರ್ಮಾನಿಸಿ ತಿಳಿಸಿ."