ದೇವರಿಗೆ ಬಿಟ್ಟ ಮೀನು

ಮೀನು ಮಾತಾಡುವುದಿಲ್ಲ. ಆ ಕೊರತೆಯನ್ನು ನನ್ನ ಅಂಗಡಿಗೆ ಬರುವವರು ದಿನಾ ತುಂಬಿಕೊಡುತ್ತಾರೆ.

ಬಿಎಸ್ಸಿ ಮುಗಿಸಿ ಕೊಟ್ಟೂರಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದ್ದೇನೆ. ಅಂಗಡಿ ಎಂದರೆ ನಮ್ಮ ಮನೆಯ ರಸ್ತೆ ಕಡೆಯ ಕೋಣೆ. ಮೊದಲು ಮಳೆಗಾಲದಲ್ಲಿ ಅಪ್ಪನ ಕುರಿಮರಿಗಳು ಅಲ್ಲಿರುತ್ತಿದ್ದವು. "ಮಳಿಗಾಲ ಬರೋತನಕ ನಡಸು ಯವ್ವಾ. ಅಷ್ಟ್ರಾಗ ವ್ಯಾಪಾರ ಕುದುರಲಿಲ್ಲಂದ್ರ ಕೋಣಿ ಮರಿಗೆ," ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

ನನ್ನ ಆಸೆಯೆಲ್ಲ ಹರಪನಹಳ್ಳಿಯ ಹಲ್ಲಿನ ಡಾಕ್ಟರ ಮೇಲಿತ್ತು. ದವಾಖಾನೆಯಲ್ಲಿ ಗೋಡೆಯುದ್ದದ ಟ್ಯಾಂಕ್ ಇಡಿಸಬೇಕು, ಮೊದಲು ನಿನ್ನ ಗೋಲ್ಡ್‌ಫಿಶ್ ಹೇಗಿವೆ ಬಂದು ನೋಡುತ್ತೇನೆ ಎಂದಿದ್ದರು. ಅದೊಂದು ಆರ್ಡರ್ ಸಿಕ್ಕರೆ ಕೋಣೆ ನನ್ನದು. ನನ್ನಲ್ಲಿದ್ದವು ಫ್ಯಾನ್ಸಿ ಗೋಲ್ಡ್‌ಫಿಶ್: ದುಂಡು ಹೊಟ್ಟೆ, ಸೆರಗಿನಂಥ ಬಾಲ, ಆನೆ ನಡಿಗೆ. ಅವುಗಳಲ್ಲಿ ದೊಡ್ಡದರ ತಲೆಯ ಮೇಲೆ ಕೆಂಪು ಮಾಂಸ ಗಂಟುಗಂಟಾಗಿ ಬೆಳೆದಿತ್ತು. ಅಪ್ಪ ಅದನ್ನು ರುಮಾಲಿನ ಯಜಮಾನ ಎಂದು ಕರೆಯುತ್ತಿದ್ದ. ಡಾಕ್ಟರು ಬರುವವರೆಗೆ ಯಜಮಾನನನ್ನು ಕಾಪಾಡುವುದೇ ನನ್ನ ಕೆಲಸವಾಗಿತ್ತು.

ಗುಂಡು ಬೋಗುಣಿ

ಪಕ್ಕದ ಹಳ್ಳಿಯ ಮೇಷ್ಟ್ರೊಬ್ಬರು ಬಂದು, ಟಿವಿಯಲ್ಲಿ ತೋರಿಸುತ್ತಾರಲ್ಲ, ಹಾಗೆ ಗುಂಡು ಗಾಜಿನ ಬೋಗುಣಿಯಲ್ಲಿ ಒಂದು ಗೋಲ್ಡ್‌ಫಿಶ್ ಹಾಕಿಕೊಡು ಎಂದರು. ಆಗುವುದಿಲ್ಲ ಎಂದೆ. ಈ ಮೀನು ತಿನ್ನುವುದೂ ಹೆಚ್ಚು, ಗಲೀಜು ಮಾಡುವುದೂ ಹೆಚ್ಚು. ಉದ್ದ, ಅಗಲ ಇರುವ ದೊಡ್ಡ ಟ್ಯಾಂಕ್ ಬೇಕು, ಫಿಲ್ಟರ್ ಬೇಕು. ಬೋಗುಣಿಯಲ್ಲಿ ದಿನಾ ನೀರು ಬದಲಿಸಿದರೂ ಅದಕ್ಕೆ ನೆಮ್ಮದಿ ಇಲ್ಲ ಎಂದು ವಿವರಿಸಿದೆ.

ಮೇಷ್ಟ್ರು ಗಂಭೀರವಾದರು. "ದಿನಾ ಅಂದ್ರ ಆಗಂಗಿಲ್ಲಮ್ಮ. ನಮ್ಮೂರಾಗ ನಳ ಬರೋದ ವಾರಕ್ಕೊಮ್ಮಿ. ಮೀನಿಗೆ ದಿನಾ ಹೊಸ ನೀರು ಕೊಟ್ಟೆ ಅಂದ್ರ ಓಣ್ಯಾಗ ನನ್ನ ಬಿಡ್ತಾರೇನು?"

ಕೊನೆಗೆ ಬೋಗುಣಿಯೊಂದನ್ನೇ ಕೊಂಡು ಹೋದರು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಉಪಯೋಗವಾಯಿತೇ ಎಂದು ಕೇಳಿದೆ. ಭಾಳ ಚಲೋ ಐತಿ, ಕುಡಿಯೋ ನೀರು ತುಂಬಿಟ್ಟೀವಿ ಎಂದರು.

ಜೋಡಿ ನೋಡುವುದು

ಎದುರು ಮನೆಯ ಅತ್ತೆ ಊರಿನ ಅರ್ಧ ಮದುವೆಗಳನ್ನು ಕೂಡಿಸಿದವಳು. ಒಂದು ಮಧ್ಯಾಹ್ನ ಟ್ಯಾಂಕಿನ ಮುಂದೆ ಕುಳಿತು, ಇಷ್ಟು ದೊಡ್ಡ ಮನೆಯಲ್ಲಿ ಬರೀ ಇವೇ ಯಾಕೆ, ಆ ನೀಲಿ ಮೀನು, ಈ ಪಟ್ಟೆ ಮೀನು ನಾಲ್ಕು ಬಿಡಬಾರದೇ ಎಂದಳು.

ಫ್ಯಾನ್ಸಿ ಗೋಲ್ಡ್‌ಫಿಶ್‌ಗೆ ಅದರಂಥದ್ದೇ ನಿಧಾನದ ಗೋಲ್ಡ್‌ಫಿಶ್ ಒಳ್ಳೆಯ ಜೊತೆ ಎಂದೆ. ಚುರುಕಿನವು ಇದರ ಊಟ ಕಸಿಯುತ್ತವೆ, ಕೆಲವು ಬಾಲ ಕಚ್ಚುತ್ತವೆ. ತೀರಾ ಚಿಕ್ಕದನ್ನು ಬಿಟ್ಟರೆ ಇದೇ ಅದನ್ನು ನುಂಗುತ್ತದೆ. ಅಲ್ಲದೆ ಇದಕ್ಕೆ ತಣ್ಣೀರು ಬೇಕು, ಆ ನೀಲಿ ಮೀನಿಗೆ ಬೆಚ್ಚನೆಯ ನೀರು.

ಅತ್ತೆ ಸೆರಗು ಕೊಡವಿ ಎದ್ದಳು. ಒಪ್ಪಿದಳು ಎಂದುಕೊಂಡೆ. ಹೋಗುವಾಗ ಹೊಸ್ತಿಲಲ್ಲಿ ನಿಂತು ಹೇಳಿದಳು: "ನನ್ನ ಸೊಸಿಗೆ ಬ್ಯಾಸಗ್ಯಾಗೂ ಬಿಸಿನೀರು ಬೇಕು, ನನ್ನ ಮಗಗ ಥಂಡಿ. ಎಲ್ಲಾ ಕೇಳಿ ಮದುವಿ ಮಾಡಿದೆ, ಇದೊಂದು ಕೇಳೋದು ಬಿಟ್ಟೆ ನೋಡು."

ಅಂದಿನಿಂದ ವರನ ಕಡೆಯವರನ್ನು ಅತ್ತೆ ಮೊದಲು ಕೇಳುವುದು ಸ್ನಾನದ ನೀರಿನ ವಿಷಯವಂತೆ.

ಹಿಂಡಿಗೊಂದು ಮೇಕೆ

ಅಪ್ಪನಿಗೆ ಬೇರೆ ಚಿಂತೆ. ನನ್ನ ಮೀನುಗಳು ಮೂಲೆಯಲ್ಲೇ ಇರುತ್ತವೆ, ಮುಂದಕ್ಕೆ ಹೋಗುವುದಿಲ್ಲ. ಕುರಿಗಳೂ ಹಾಗೆಯೇ. ಅದಕ್ಕೇ ಹಿಂಡಿನಲ್ಲಿ ಒಂದೆರಡು ಮೇಕೆ ಇಡುತ್ತಾರೆ. ಮೇಕೆ ಧೈರ್ಯವಾಗಿ ಮುಂದೆ ನಡೆದರೆ ಕುರಿ ಹಿಂದೆ ಬರುತ್ತದೆ.

ನಾನು ಸಾಮಾನು ತರಲು ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಅಪ್ಪ ಬೇರೆ ಟ್ಯಾಂಕಿನಿಂದ ಒಂದು ಟೈಗರ್ ಬಾರ್ಬ್ ಹಿಡಿದು ಇವುಗಳ ಜೊತೆ ಬಿಟ್ಟಿದ್ದಾನೆ. ಕಪ್ಪು ಪಟ್ಟೆಯ, ಬೆರಳುದ್ದದ, ಒಂದು ಕ್ಷಣ ನಿಲ್ಲದ ಮೀನು ಅದು. ನಾನು ಬರುವಷ್ಟರಲ್ಲಿ ಯಜಮಾನನ ಬಾಲ ಹಳೆಯ ಬಾಳೆ ಎಲೆಯ ಹಾಗೆ ಸೀಳಿತ್ತು.

ಅಪ್ಪ ಟ್ಯಾಂಕಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ನಾನು ಬಲೆ ಕೈಗೆತ್ತಿಕೊಂಡೆ.

"ಮ್ಯಾಕಿ ಮುಂದ ಹೋಗ್ಲಿ ಅಂತ ಬಿಟ್ಟೆ ಯವ್ವಾ," ಎಂದ. "ಇದು ಹಿಂದಿನಿಂದ ಮೇಯಾಕತ್ತೈತಿ."

ಹರಕೆ

ಯಜಮಾನನನ್ನು ಬೇರೆ ಟ್ಯಾಂಕಿಗೆ ಹಾಕಿ ನೀರು ಚೊಕ್ಕವಾಗಿಟ್ಟೆ. ಬಾಲ ನಿಧಾನಕ್ಕೆ ಕೂಡಿಕೊಂಡಿತು. ಅದು ನೀರಿನ ಗುಣ ಎಂದು ನಾನು, ಮನೆದೇವರ ಗುಣ ಎಂದು ಅಪ್ಪ. ನನಗೆ ಹೇಳದೆ ಹರಕೆ ಹೊತ್ತಿದ್ದ: ಉಳಿದರೆ ದೇವರಿಗೆ ಬಿಡುತ್ತೇನೆ ಎಂದು. ಟ್ಯಾಂಕಿನ ಗಾಜಿಗೆ ದೇವರ ಅರಿಶಿನದ ಭಂಡಾರ ಬಳಿದ.

ದೇವರಿಗೆ ಬಿಟ್ಟ ಟಗರನ್ನು ನಮ್ಮ ಕಡೆ ಯಾರೂ ಮಾರುವುದಿಲ್ಲ, ಗದರುವುದಿಲ್ಲ, ಮೇಯುವಲ್ಲಿಂದ ಹೊಡೆದುಕೊಂಡು ಬರುವುದಿಲ್ಲ. ಯಾರ ಮನೆ ಮುಂದೆ ನಿಂತರೂ ಹಿಡಿ ಕಾಳು ಹಾಕುತ್ತಾರೆ. ಮೀನು ತಾನಾಗಿ ಹೋಗಲಾರದು ಎಂದು ಓಣಿಯೇ ಅಂಗಡಿಗೆ ಬಂತು. ಮಂಡಕ್ಕಿ, ಶೇಂಗಾ, ಒಬ್ಬ ಅಜ್ಜಿಯಿಂದ ಅರ್ಧ ಹೋಳಿಗೆ. ಯಜಮಾನ ಹೊಟ್ಟೆಯುಬ್ಬಿ ಓರೆಯಾಗಿ ತೇಲತೊಡಗಿದ. ಎರಡು ದಿನ ಉಪವಾಸ ಕೆಡವಬೇಕು, ಯಾರೂ ಏನೂ ಹಾಕಬೇಡಿ ಎಂದೆ. ಉಪವಾಸ ಎಂದದ್ದೇ ತಡ, ದೇವರ ಮೀನು ವ್ರತ ಹಿಡಿದಿದೆ ಎಂದು ನೋಡಲು ಇನ್ನಷ್ಟು ಜನ ಬಂದರು.

ಹಲ್ಲಿನ ಡಾಕ್ಟರು

ಯಜಮಾನ ನೆಟ್ಟಗಾದ ಮೇಲೆ, ಮೊದಲ ಮೋಡ ಕಟ್ಟಿದ ದಿನ ಡಾಕ್ಟರು ಬಂದರು. ಟ್ಯಾಂಕಿನ ಅಳತೆ, ಫಿಲ್ಟರ್, ಯಾವುದರ ಜೊತೆ ಯಾವುದು, ಎಲ್ಲ ಕೇಳಿಸಿಕೊಂಡು ಒಪ್ಪಿದರು. ಆಮೇಲೆ ಬೆರಳು ಯಜಮಾನನ ಕಡೆ ಹೋಯಿತು.

"ಅದು ಬೇಕು. ಅದಿಲ್ಲಾಂದ್ರೆ ಟ್ಯಾಂಕೂ ಬ್ಯಾಡ."

"ಅದು ದೇವರದ್ರಿ. ಮಾರಂಗಿಲ್ಲ," ಎಂದ ಅಪ್ಪ.

ಡಾಕ್ಟರು ಎದ್ದರು. ಹೊರಗೆ ಮರಿಗಳು ಅರಚಿದವು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಮೋಡ ನೋಡಿದ, ನನ್ನನ್ನು ನೋಡಿದ, ತಲೆ ಕೆರೆದುಕೊಂಡ.

"ಕುಂದರ್ರಿ ಸಾಹೇಬ್ರ. ದೇವರ ಟಗರು ಯಾರ ಹೊಲದಾಗ ಮೇದ್ರೂ ತಡಿಯಂಗಿಲ್ಲ. ಇದೂ ನಿಮ್ಮಲ್ಲಿ ಮೇಯಾಕ ಬರ್ಲಿ. ಟ್ಯಾಂಕು ಕೊಳ್ರಿ, ಬ್ಯಾರೆ ಮೀನು ಕೊಳ್ರಿ. ಇದನ್ನ ಮಾತ್ರ ಕೊಳ್ಳಬ್ಯಾಡ್ರಿ."

ಹಾಗೆ ಯಜಮಾನ ತನ್ನ ಬಳಗದೊಂದಿಗೆ ಹರಪನಹಳ್ಳಿಗೆ ಮೇಯಲು ಹೋದ. ಅಪ್ಪ ಮರಿಗಳಿಗೆ ಹಿತ್ತಲಲ್ಲಿ ತಗಡಿನ ಚಪ್ಪರ ಹಾಕಿದ. ಆದರೆ ಮೀನನ್ನು ಮರೆಯಲಿಲ್ಲ. ಬಸ್ಸು ಹತ್ತಿ ಹೋಗಿ, ದವಾಖಾನೆಯ ಗಾಜಿಗೂ ಭಂಡಾರ ಹಚ್ಚಿ, ಕಾದು ಕುಳಿತ ರೋಗಿಗಳಿಗೆ ಸೀಳಿದ ಬಾಲ ಕೂಡಿದ ಕಥೆ ಹೇಳಿ ಬರುತ್ತಿದ್ದ.

ಮಳೆಗಾಲ ಮುಗಿಯುವ ಮೊದಲೇ ಡಾಕ್ಟರು ಫೋನ್ ಮಾಡಿದರು. ದನಿ ಸೋತಿತ್ತು.

"ಬಂದೋರು ಮೀನಿಗೆ ಕೈ ಮುಗಿದು, ನೋವು ಹೋತು ಅಂತ ಹಂಗೇ ಎದ್ದು ಊರಿಗೆ ಹೋಗ್ತಾರಮ್ಮ. ನಾನು ಯಾರ ಹಲ್ಲು ಕೀಳ್ಲಿ? ದಯವಿಟ್ಟು ಅದನ್ನ ವಾಪಸ್ ತಗೊಂಡು ಹೋಗ್ರಿ."

ಫೋನನ್ನು ಅಪ್ಪನಿಗೆ ಕೊಟ್ಟೆ. ಅಪ್ಪ ಪೂರ್ತಿ ಕೇಳಿಸಿಕೊಂಡು, ಬಹಳ ವಿನಯದಿಂದ ಹೇಳಿದ:

"ದೇವರದನ್ನ ನಾವು ಹೊಡಕೊಂಡು ಬರಂಗಿಲ್ರಿ ಸಾಹೇಬ್ರ. ಅದು ತಾನ ಎದ್ದು ಬರಬೇಕು."