ಹಿರೇಕೆರೆಯ ಇಪ್ಪತ್ತು ಮ್ಯಾನೇಜರುಗಳು

ಬಹಳ ಹಿಂದೆ ಉದ್ದಂಡಪುರವೆಂಬ ರಾಜ್ಯವಿತ್ತು. ಎಷ್ಟು ಹಿಂದೆ ಎಂದು ಕೇಳಬೇಡಿ. ಓದುತ್ತಾ ಓದುತ್ತಾ ಮೊನ್ನೆ ಮೊನ್ನೆಯದು ಅನ್ನಿಸಿದರೆ ಅದಕ್ಕೆ ನಾನು ಹೊಣೆಯಲ್ಲ. ಅಲ್ಲಿ ಬಿತ್ತುವ ಹೊತ್ತಿಗೆ ಬಿತ್ತನೆ, ಕೊಯ್ಯುವ ಹೊತ್ತಿಗೆ ಕೊಯ್ಲು ತಮ್ಮಷ್ಟಕ್ಕೆ ತಾವೇ ನಡೆದುಹೋಗುತ್ತಿದ್ದವು. ಮಹಾರಾಜ ಪ್ರಚಂಡಸೇನರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮಹಾರಾಜರ ದೊಡ್ಡ ಕೊರಗು ಇದೇ ಆಗಿತ್ತು.

ಒಮ್ಮೆ ನೆರೆರಾಜ್ಯದ ಮದುವೆಗೆ ಹೋಗಿ ಬಂದವರು ಮುಖ ಊದಿಸಿಕೊಂಡು ಸಿಂಹಾಸನದಲ್ಲಿ ಕುಳಿತರು.

"ಅಲ್ಲಿ ಎಲ್ಲದಕ್ಕೂ ನಿರ್ವಹಣೆ ಇದೆಯಂತೆ, ಮಂತ್ರಿಗಳೇ. ನಮ್ಮಲ್ಲಿ ಏನಿದೆ?"

"ನಮ್ಮಲ್ಲಿ ತಾವಿದ್ದೀರಿ, ಪ್ರಭೂ," ಎಂದರು ಮಂತ್ರಿ ತಲೆದೂಗಯ್ಯನವರು.

"ಅಷ್ಟು ಸಾಲದು ಅಂತ ಆ ರಾಜ ನಕ್ಕುಬಿಟ್ಟ."

"ಹಾಗಾದರೆ ಖಂಡಿತ ಸಾಲದು, ಪ್ರಭೂ."

ಹೀಗಾಗಿ ನಿರ್ವಹಣಾಚಾರ್ಯ ಸೂತ್ರಪಾದರಿಗೆ ಪಲ್ಲಕ್ಕಿ ಹೋಯಿತು. ಆಚಾರ್ಯರು ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ಬೆತ್ತ, ಹಿಂದೆ ಪಟಗಳನ್ನು ಹೊತ್ತ ಎರಡು ಹೇಸರಗತ್ತೆಗಳೊಡನೆ ಆಗಮಿಸಿದರು. ಆಸ್ಥಾನದಲ್ಲಿ ಮೂರು ದಿನಗಳ ತರಬೇತಿ ಶಿಬಿರ ನಡೆಯಿತು. ಊಟ, ಉಪಾಹಾರದ ವ್ಯವಸ್ಥೆ ಇತ್ತು.

"ನಿರ್ವಹಣೆ ಎಂದರೆ ಇತರರ ಕೈಯಿಂದ ಕೆಲಸ ಮಾಡಿಸುವ ಕಲೆ," ಎಂದು ಆಚಾರ್ಯರು ಮೊದಲ ಪಟ ಬಿಚ್ಚಿದರು.

ಮಹಾರಾಜರು ಎದ್ದೇ ನಿಂತರು. "ಅದನ್ನು ನಾನು ಹುಟ್ಟಿದ ದಿನದಿಂದ ಮಾಡುತ್ತಿದ್ದೇನಲ್ಲ!"

"ಪ್ರಭುಗಳು ಹುಟ್ಟಾ ಮ್ಯಾನೇಜರು," ಎಂದರು ಆಚಾರ್ಯರು. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಅವರು ಮೂರು ತತ್ತ್ವಗಳನ್ನು ಬೋಧಿಸಿದರು. ಶ್ರಮ ವಿಭಜನೆ, ಅಂದರೆ ಒಬ್ಬರ ಕೆಲಸವನ್ನು ಹಲವರಿಗೆ ಹಂಚುವುದು. ಆದೇಶದ ಏಕತೆ, ಅಂದರೆ ಯಾರೇ ಆಗಲಿ ತಮ್ಮ ನೇರ ಮೇಲಧಿಕಾರಿಯ ಮಾತು ಮಾತ್ರ ಕೇಳುವುದು. ಅಧಿಕಾರ ಶ್ರೇಣಿ, ಅಂದರೆ ಮಾತು ಒಂದೊಂದೇ ಮೆಟ್ಟಿಲು ಹತ್ತಿ ಒಂದೊಂದೇ ಮೆಟ್ಟಿಲು ಇಳಿಯುವುದು. ತತ್ತ್ವಗಳೇನೋ ಕೆಟ್ಟವಲ್ಲ. ಅವು ಯಾರ ಕೈಗೆ ಸಿಕ್ಕವು ಎಂಬುದಷ್ಟೇ ತೊಂದರೆ. ಮೂರನೆಯ ದಿನ ಪ್ರಯೋಗಕ್ಕೊಂದು ಜಾಗ ಬೇಕೆಂದಾಗ ತಲೆದೂಗಯ್ಯನವರು ಹಿರೇಕೆರೆಯನ್ನು ತೋರಿಸಿದರು. ಅರಮನೆಗೆ ಹತ್ತಿರದಲ್ಲಿ ಇದ್ದದ್ದು ಅದೊಂದೇ.

ಹಿರೇಕೆರೆಯನ್ನು ನೋಡಿಕೊಳ್ಳುತ್ತಿದ್ದವಳು ನೀರಗಂಟಿ ಪುಟ್ಟೀರಮ್ಮ. ಅವಳ ಅತ್ತೆಯೂ ಇದೇ ಕೆಲಸ ಮಾಡಿದ್ದಳು. ಕೆರೆಯ ಕೋಡಿಗೆ ಏಳು ಹಲಗೆ ಹಾಕಿರುತ್ತಿದ್ದರು. ಏರಿಯ ಒಳಮಗ್ಗುಲಲ್ಲಿ, ನೀರಿನ ಕಡೆಗೆ, ಒಂದು ಕಲ್ಲು ಬಸವ. ಬಸವನ ಮೂತಿಗೆ ನೀರು ತಾಗಿತೆಂದರೆ ಹಲಗೆ ಕಿತ್ತು ಹೆಚ್ಚಿನ ನೀರನ್ನು ಹಳ್ಳಕ್ಕೆ ಬಿಡಬೇಕು, ಇಲ್ಲದಿದ್ದರೆ ಏರಿ ಒಡೆಯುತ್ತದೆ. ಏರಿಯ ಕೆಳಗೇ ನೂರು ಮನೆಗಳ ಒಂದು ಕೇರಿ. ಪುಟ್ಟೀರಮ್ಮನ ಗುಡಿಸಲೂ ಅಲ್ಲೇ.

ಆಚಾರ್ಯರು ಹೊತ್ತು ಅಳೆಯುವ ಗಳಿಗೆಬಟ್ಟಲು ಇಟ್ಟುಕೊಂಡು ಅವಳ ಎದುರು ಕುಳಿತರು. ಬೆಳಗಿನಿಂದ ಸಂಜೆಯವರೆಗೆ ಅವಳು ಒಮ್ಮೆ ಎದ್ದು ಏರಿ ಸುತ್ತಿ ಬಂದಳು, ಎರಡು ಸಲ ಎಲೆಯಡಿಕೆ ಹಾಕಿಕೊಂಡಳು.

"ಉಳಿದ ಹೊತ್ತೆಲ್ಲ ಏನು ಮಾಡುತ್ತಿದ್ದೆಯಮ್ಮಾ?"

"ನೀರ್ ನೋಡ್ತಿದ್ದೆ, ಬುದ್ಧಿ."

"ನೋಡುವುದು ಕೆಲಸವಲ್ಲ."

"ನೋಡ್ದೇ ಇದ್ರೆ ಗೊತ್ತಾಗದ್ ಹೆಂಗೆ, ಬುದ್ಧಿ?"

ಆಚಾರ್ಯರು ಬರೆದುಕೊಂಡರು: ಒಂದು ಗಳಿಗೆ ಕೆಲಸ, ಇಪ್ಪತ್ತೊಂಬತ್ತು ಗಳಿಗೆ ಸೋಮಾರಿತನ.

ವಾರದೊಳಗೆ ಹಿರೇಕೆರೆಗೆ ಹೊಸ ಆಡಳಿತ ಬಂತು. ನೀರು ನೋಡುವುದು ಒಂದು ವಿಭಾಗ, ನೋಡಿದ್ದನ್ನು ಹೇಳುವುದು ಇನ್ನೊಂದು, ಹೇಳಿದ್ದನ್ನು ಚರ್ಚಿಸುವುದು ಮತ್ತೊಂದು. ಒಟ್ಟು ಇಪ್ಪತ್ತು ಮ್ಯಾನೇಜರುಗಳು. ನೀರು ನೋಡುವ ಮುಖ್ಯ ವೀಕ್ಷಕನ ಹುದ್ದೆ ಅರ್ಹತೆಯ ಮೇಲೆ ಮಂತ್ರಿಗಳ ಬಾಮೈದ ಮುಕುಟಪ್ಪನಿಗೆ ಸಿಕ್ಕಿತು. ಶ್ರೇಣಿಯ ತೀರಾ ತಳದಲ್ಲಿ ಪುಟ್ಟೀರಮ್ಮ, 'ಹಲಗೆ ಕಾರ್ಯನಿರ್ವಾಹಕಿ, ನಾಲ್ಕನೆಯ ದರ್ಜೆ'. ಹಲಗೆ ಕೀಳುವುದಷ್ಟೇ ಅವಳ ಕೆಲಸ. ಅವಳು ಇನ್ನೊಂದು ವಿಭಾಗದ ಕೆಲಸದಲ್ಲಿ ಕೈ ಹಾಕದಿರಲೆಂದು ಅವಳ ಮಣೆಯನ್ನು ಕೆರೆಗೆ ಬೆನ್ನಾಗಿ ಹಾಕಲಾಯಿತು. ಐವತ್ತು ವರ್ಷ ನೀರು ನೋಡಿದವಳು ಬೇಲಿ ನೋಡುತ್ತಾ ಕೂತಳು. ನೋಡಿದವರಿಗೆ ಹೊಟ್ಟೆ ಉರಿಯುತ್ತಿತ್ತು. ಆದರೆ ಹೊಟ್ಟೆ ಉರಿಯುವುದಕ್ಕೆ ಇನ್ನೂ ವಿಭಾಗ ತೆರೆದಿರಲಿಲ್ಲ.

ಆ ವರ್ಷ ಮಳೆ ಜೋರಾಯಿತು. ಒಂದು ಮಧ್ಯಾಹ್ನ ಮಣೆಯ ಮೇಲಿದ್ದ ಪುಟ್ಟೀರಮ್ಮ ಕಿವಿ ನಿಮಿರಿಸಿದಳು.

"ಸ್ವಾಮಿ, ನೀರಿನ್ ಸದ್ದು ಬದ್ಲಾಗ್ಬುಟ್ಟದೆ. ಬಸವಣ್ಣನ ಮೂತಿಗ್ ಬಂದದಾ ನೋಡಿ."

"ಬಂದಿದೆ," ಎಂದ ಮುಕುಟಪ್ಪ ಛತ್ರಿಯ ಕೆಳಗಿನಿಂದ. "ಆದರೆ ಅದನ್ನು ನಿನಗೆ ಹೇಳುವ ಹಾಗಿಲ್ಲ. ನಾನು ಮೇಲಿನವರಿಗೆ ಬರೆದಿದ್ದೇನೆ. ಅವರು ಅವರ ಮೇಲಿನವರಿಗೆ ಬರೆಯುತ್ತಾರೆ. ಪ್ರಭುಗಳ ಒಪ್ಪಿಗೆ ಆದಮೇಲೆ ನಿನಗೆ ಬರುತ್ತೆ."

"ಅಷ್ಟೊತ್ಗೆ ಕೇರಿ ಕೊಚ್ಕೊಂಡ್ ಹೋಯ್ತದೆ. ಮಕ್ಳು ಮರಿ ಅವೆ, ಸ್ವಾಮಿ!"

"ಕೇರಿ ನಮ್ಮ ವಿಭಾಗವಲ್ಲಮ್ಮ."

ಪುಟ್ಟೀರಮ್ಮ ಅವನನ್ನು ಒಂದು ಸಲ ನೋಡಿದಳು. ಮಣೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಸೀರೆ ಎತ್ತಿ ಕಟ್ಟಿ, ಸೊಂಟದವರೆಗಿನ ನೀರಿಗಿಳಿದು ಏಳೂ ಹಲಗೆಗಳನ್ನು ಕಿತ್ತಳು. ಸಂಜೆಗೆ ನೀರು ಬಸವನ ಮೊಣಕಾಲಿಗೆ ಇಳಿಯಿತು. ಹಲಗೆ ಕೀಳುವ ಅಪ್ಪಣೆ ನಾಲ್ಕು ದಿನಗಳ ನಂತರ, ಬಿಸಿಲಿನಲ್ಲಿ ಬಂತು.

ವಿಚಾರಣೆ ನಡೆಯಿತು.

"ಕೇರಿ ಉಳಿಯಿತಲ್ಲ?" ಎಂದು ಮಹಾರಾಜರು ಅನುಮಾನದಿಂದ ಕೇಳಿದರು.

"ಕೇರಿ ಉಳಿದದ್ದು ನಿರ್ವಹಣೆಯಿಂದ, ಪ್ರಭೂ," ಎಂದರು ಸೂತ್ರಪಾದರು. "ಶಿಸ್ತು ಮುರಿದದ್ದು ಮಾತ್ರ ಈಕೆಯಿಂದ."

ಮಹಾರಾಜರು ಗಂಟಲು ಸರಿಮಾಡಿಕೊಂಡರು. "ನಿನ್ನ ಮೇಲಧಿಕಾರಿ ಯಾರೆಂದು ಗೊತ್ತೇನಮ್ಮಾ?"

"ಮಳೆಗಾಲ್ದಾಗ ನೀರೇ ಅಲ್ವರಾ, ಬುದ್ಧಿ?"

ಅವಳನ್ನು ಕೆಲಸದಿಂದ ತೆಗೆದರು. ನೌಕರಿಯ ಬಿಲ್ಲೆ ಇಲ್ಲದವರು ಏರಿ ಹತ್ತಬಾರದೆಂದು ಕಾವಲು ಹಾಕಿದರು. ತಳದ ಒಂದು ಹುದ್ದೆ ಉಳಿತಾಯವಾಯಿತೆಂದು ಆಚಾರ್ಯರು ದಕ್ಷತೆಯ ಪಟದಲ್ಲಿ ಗೆರೆಯನ್ನು ಮೇಲಕ್ಕೆಳೆದರು. ಮಣೆ ಮಾತ್ರ ಅಲ್ಲೇ ಉಳಿಯಿತು, ಏಕೆಂದರೆ ಪೀಠೋಪಕರಣಕ್ಕೆ ಬೇರೆ ಮ್ಯಾನೇಜರಿದ್ದ.

ಮರುವರ್ಷವೂ ಮಳೆ ಬಂತು. ಈ ಸಲ ಎಲ್ಲವೂ ಅಚ್ಚುಕಟ್ಟಾಗಿ ನಡೆಯಿತು ಎಂಬುದನ್ನು ನಾನು ಒಪ್ಪಲೇಬೇಕು. ಬಸವನ ಮೂತಿಗೆ ನೀರು ತಾಗಿದ ಕೂಡಲೇ ಮುಕುಟಪ್ಪ ಬರೆದ. ಬರೆದದ್ದು ಮೆಟ್ಟಿಲು ಹತ್ತಿತು. ಮಹಾರಾಜರು ಊಟ ಬಿಟ್ಟು ಸಹಿ ಹಾಕಿದರು. ಅಪ್ಪಣೆ ಮೆಟ್ಟಿಲಿಳಿದು, ಇಪ್ಪತ್ತು ಕೈ ದಾಟಿ, ಬರೇ ಅರ್ಧ ದಿನದಲ್ಲಿ ಏರಿಗೆ ತಲುಪಿತು. ಇಪ್ಪತ್ತನೆಯ ಮ್ಯಾನೇಜರು ಅದನ್ನು ಬಿಡಿಸಿ, "ಕೂಡಲೇ ಹಲಗೆ ಕೀಳತಕ್ಕದ್ದು," ಎಂದು ಖಾಲಿ ಮಣೆಗೆ ಸ್ಪಷ್ಟವಾಗಿ ಓದಿ ಹೇಳಿದ. ಮಣೆ ಏಳಲಿಲ್ಲ. ಇನ್ನೊಬ್ಬರ ಕೆಲಸದಲ್ಲಿ ಕೈ ಹಾಕುವಷ್ಟು ಅಶಿಸ್ತು ಇಪ್ಪತ್ತು ಜನರಲ್ಲಿ ಒಬ್ಬರಿಗೂ ಇರಲಿಲ್ಲ. ಎಲ್ಲರೂ ಸಾಲಾಗಿ ಎತ್ತರದ ದಿಬ್ಬಕ್ಕೆ ಹೋಗಿ ನಿಂತರು.

ಕಾವಲಿನವರು ಬೆಳಿಗ್ಗೆಯೇ ಪುಟ್ಟೀರಮ್ಮನನ್ನು ಏರಿಯಿಂದ ಹಿಂದಕ್ಕೆ ದಬ್ಬಿದ್ದರು. ಅವಳು ಕೇರಿಗೆ ಓಡಿ, ಬಾಗಿಲು ಬಾಗಿಲು ಬಡಿದು, ಬೈದು, ಕೈಹಿಡಿದು ಎಳೆದು, ಜನರನ್ನೂ ದನಕರುಗಳನ್ನೂ ಗುಡ್ಡ ಹತ್ತಿಸಿದಳು. ಏರಿ ಒಡೆದಾಗ ಕೇರಿಯಲ್ಲಿ ಮನೆಗಳಷ್ಟೇ ಇದ್ದವು. ಆಮೇಲೆ ಅವೂ ಇರಲಿಲ್ಲ.

ವರದಿ ಬಂತು: ಸಿಬ್ಬಂದಿಯೆಲ್ಲ ತಮ್ಮ ತಮ್ಮ ಕರ್ತವ್ಯ ಪಾಲಿಸಿದ್ದಾರೆ, ನೀರು ಮಾತ್ರ ಪದ್ಧತಿ ಪಾಲಿಸಿಲ್ಲ. ಇಪ್ಪತ್ತೂ ಜನರಿಗೆ ಬಡ್ತಿ ಸಿಕ್ಕಿತು. ಮಹಾರಾಜರಿಗೆ 'ನಿರ್ವಹಣಾ ಸಾರ್ವಭೌಮ' ಎಂಬ ಬಿರುದನ್ನೂ ಅದಕ್ಕೆ ತಕ್ಕ ಹೊಸ ಕಿರೀಟವನ್ನೂ ಆಚಾರ್ಯರೇ ತೊಡಿಸಿದರು. ಕಿರೀಟಕ್ಕೂ ಬಡ್ತಿಗೂ ಸೇರಿಸಿ ಪ್ರಜೆಗಳ ಮೇಲೆ ಕೆರೆ ನಿರ್ವಹಣಾ ತೆರಿಗೆ ಬಿತ್ತು.

ಬಡ್ತಿಯಲ್ಲಿ ತೆರಿಗೆ ವಿಭಾಗಕ್ಕೆ ಹೋಗಿದ್ದ ಮುಕುಟಪ್ಪನೇ ವಸೂಲಿಗೆ ಗುಡ್ಡಕ್ಕೆ ಬಂದ. ಪುಟ್ಟೀರಮ್ಮ ಗರಿಯ ಜೋಪಡಿಯ ಮುಂದೆ ಕೂತು ಕೆಳಗಿನ ಕೆಸರನ್ನು ನೋಡುತ್ತಿದ್ದಳು. ತೆರಿಗೆಯ ಮಾತು ಕೇಳಿ ಅವಳಿಗೆ ನಗು ಬಂತು, ಹಿಂದೆಯೇ ಕಣ್ಣೀರೂ ಬಂತು.

"ಕೆರೆ ಎಲ್ಲಿ ಅದೆ, ಸ್ವಾಮಿ?"

"ಕೆರೆ ನಮ್ಮ ವಿಭಾಗವಲ್ಲಮ್ಮ," ಎಂದು ಮುಕುಟಪ್ಪ ರಸೀದಿ ಹರಿದು ಕೊಟ್ಟ.